ಅಕ್ಕಿ ಚೀಲದ ಕಾಲ್ಗುಣ

ಹಿಂದಿನ ಚಕ್ರವನ್ನು ಎರಡನೆಯ ಸಲ ಬಿಚ್ಚಿ ಕೂಡಿಸಿದ ಮೇಲೂ ಮೆಕ್ಯಾನಿಕ್ ಗುಲಾಮ್ ದಸ್ತಗೀರನಿಗೆ ಬ್ರೇಕಿನಲ್ಲಿ ತಪ್ಪು ಸಿಗಲಿಲ್ಲ. ಡ್ರಮ್ಮಿನ ಧೂಳು ಒರೆಸಿದ್ದ, ಬ್ರೇಕ್ ಶೂಗಳಿಗೆ ಪಾಲಿಶ್ ಪೇಪರ್ ತಿಕ್ಕಿದ್ದ. ತಾನೇ ಏರಿ ಬಸ್ ಸ್ಟ್ಯಾಂಡಿನವರೆಗೆ ಓಡಿಸಿಯೂ ನೋಡಿದ. ತುಳಿದ ಜಾಗದಲ್ಲೇ ಗಾಡಿ ನಿಲ್ಲುತ್ತಿತ್ತು.

"ಬ್ರೇಕ್ ಪಕ್ಕಾ ಅದರೀ," ಎಂದು ಕೈ ಒರೆಸಿಕೊಂಡ.

"ನಾ ಏನ್ ಹೇಳೀನಿ? ನಾ ಒಬ್ಬನ ಕುಂತ್ರ ನಿಲ್ಲತದ," ಎಂದ ಹಂಪಣ್ಣ. "ಇಕಿ ಹಿಂದ ಕುಂತಾಗ ಅಷ್ಟ ನಿಲ್ಲೂದಿಲ್ಲ."

ಇಕಿ ಎಂದರೆ ಅನ್ನಮ್ಮ, ಎರಡು ತಿಂಗಳ ಹಿಂದೆ ದೇವದುರ್ಗದಿಂದ ಮದುವೆಯಾಗಿ ಬಂದ ಹೆಂಡತಿ. ಮಾನ್ವಿಯಲ್ಲಿ ಆಗ ಫಟಫಟಿ ಎನ್ನುವ ಮೋಟಾರ್ ಸೈಕಲ್ಲುಗಳು ಎಣಿಸಿ ಹತ್ತಿದ್ದವು. ಅಕ್ಕಿ ಮಿಲ್ಲಿನ ಗುಮಾಸ್ತ ಹಂಪಣ್ಣ ಕೊಂಡದ್ದು ಅವುಗಳಲ್ಲೇ ಎಲ್ಲಕ್ಕಿಂತ ಮುದಿ. ಮುಂದಿನ ಬ್ರೇಕಿನ ವಾಯರು ಹರಿದು ವರ್ಷವಾಗಿತ್ತು, ಇದ್ದದ್ದು ಹಿಂದಿನದೊಂದೇ. ಮದುಮಗಳನ್ನು ಬಸ್ ಸ್ಟ್ಯಾಂಡಿನಿಂದ ಅದರ ಮೇಲೇ ಮನೆಗೆ ತಂದ. ಮನೆ ಬಂತು, ಗಾಡಿ ನಿಲ್ಲಲಿಲ್ಲ. ಇಬ್ಬರೂ ಪಕ್ಕದ ಮನೆಯ ಸಗಣಿ ಕುಳ್ಳಿನ ಬಣವೆಗೆ ನುಗ್ಗಿದರು. ಆಮೇಲೊಮ್ಮೆ ಕಾಲುವೆಯ ಕೆಸರು, ಇನ್ನೊಮ್ಮೆ ಕುರಿಹಿಂಡು. "ಹುಡುಗಿ ಕಾಲ್ಗುಣ ಸರಿ ಇಲ್ಲ" ಎಂದು ಅತ್ತೆ ವೀರಭದ್ರಮ್ಮ ಓಣಿಗೆಲ್ಲ ಕೇಳುವ ಹಾಗೆ ಹೇಳಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಗಾಡಿ ನಿಲ್ಲಿಸಲಾರದ ಮಗನಿಗೆ ಸೊಸೆ ನೆಪವಾದಳು. ತಪ್ಪು ತನ್ನ ತಲೆಯಿಂದ ಜಾರಿತಲ್ಲ ಎಂದು ಹಂಪಣ್ಣನೂ ಸುಮ್ಮನಿದ್ದ.

ಇವತ್ತು ದೇವದುರ್ಗದಲ್ಲಿ ಅನ್ನಮ್ಮನ ಅಕ್ಕನ ಕೂಸಿಗೆ ತೊಟ್ಟಿಲು. ಮಗ ಗಾಡಿಯ ಮೇಲೆ ಹೋಗಲಿ, ಸೊಸೆ ಬಸ್ಸಿನಲ್ಲಿ ಹೋಗಲಿ ಎಂದು ಅತ್ತೆ ತೀರ್ಪು ಕೊಟ್ಟಿದ್ದರು. ಹಾಗೆ ಬೇರೆ ಬೇರೆ ಹೋಗಿ ಇಳಿದರೆ ತವರಿನವರಿಗೆ ಏನೆಂದು ಹೇಳುವುದು? ಅದಕ್ಕೇ ಅನ್ನಮ್ಮ ಬಸ್ ಹತ್ತದೆ ಗಂಡನನ್ನೂ ಗಾಡಿಯನ್ನೂ ದಸ್ತಗೀರನ ಅಂಗಡಿಗೆ ಎಳೆದು ತಂದಿದ್ದಳು. ಈಗ ಅವನೂ ಕೈ ಚೆಲ್ಲಿದ.

"ಕಾಕಾ, ಬಾಜೂ ಅಂಗಡ್ಯಾಗ ಅಕ್ಕಿ ಚೀಲ ಅದಾವಲ್ಲ," ಎಂದಳು. "ನನ್ನಷ್ಟ ತೂಕದ್ದು ಒಂದು ಹಿಂದ ಕೂಡ್ರಸ್ರಿ. ಅಕ್ಕಿಗೇನು ಕಾಲ್ಗುಣ ಇರೂದಿಲ್ಲಲ್ಲ."

"ಫಟಫಟಿ ಮ್ಯಾಲ ಅಕ್ಕಿ ಚೀಲ?" ಎಂದ ಹಂಪಣ್ಣ. "ಜನ ನಗತಾರ."

"ನಗಲೇಳ್ರಿ. ಎರಡು ತಿಂಗಳು ನನ್ನ ನೋಡಿ ನಕ್ಕಾರ, ಇವತ್ತು ಅಕ್ಕಿ ನೋಡಿ ನಗಲಿ."

ಇಪ್ಪತ್ತು ವರ್ಷ ನಟ್ಟು ತಿರುಗಿಸುವ ಪಾನಾ ಹಿಡಿದ ದಸ್ತಗೀರನಿಗೆ ಇದು ಹೊಳೆದಿರಲಿಲ್ಲ. ಪಕ್ಕದ ಮಾಳಿಂಗಪ್ಪನ ಅಂಗಡಿಯಿಂದ ಐವತ್ತು ಕಿಲೋ ಚೀಲವೊಂದನ್ನು ತಂದು, ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದು ಹೊರಟ. ತಿರುಗಿ ಬಂದು ತನ್ನ ಅಂಗಡಿಯ ಮುಂದೆ ಬ್ರೇಕ್ ತುಳಿದ. ಗಾಡಿ ಅಂಗಡಿ ದಾಟಿತು, ಮಾಳಿಂಗಪ್ಪನನ್ನು ದಾಟಿತು, ಕಾಲೂರಲು ಹೋದ ದಸ್ತಗೀರನ ಎರಡೂ ಚಪ್ಪಲಿ ಹಾದಿಯಲ್ಲೇ ಉಳಿದವು. ಕೊನೆಗೆ ಚಹಾದಂಗಡಿಯ ಬೆಂಚಿಗೆ ಮೂತಿ ಹಚ್ಚಿ ನಿಂತಿತು. ಬೆಂಚಿನ ಮೇಲಿದ್ದವರು ಕಪ್ಪು ಹಿಡಿದುಕೊಂಡೇ ಒಳಗೆ ಓಡಿದ್ದರು.

ಮದುವೆಯಾದಾಗಿನಿಂದ ಅನ್ನಮ್ಮ ಇಷ್ಟು ಜೋರಾಗಿ ನಕ್ಕಿರಲಿಲ್ಲ.

"ಈ ಅಕ್ಕೀದೂ ಕಾಲ್ಗುಣ ಸರಿ ಇಲ್ಲೇನ್ರಿ ಕಾಕಾ?"

ದಸ್ತಗೀರನಿಗೂ ನಗು ತಡೆಯಲಾಗಲಿಲ್ಲ. ಆದರೆ ಚೀಲ ಇಳಿಸಲಿಲ್ಲ. ಗಾಡಿಯ ಬದಿಗೆ ನೆಲದ ಮೇಲೆ ಮಲಗಿ, ಬ್ರೇಕ್ ತುಳಿಯಲು ಹಂಪಣ್ಣನಿಗೆ ಹೇಳಿ ಕಣ್ಣಿಟ್ಟು ನೋಡಿದ. ಭಾರಕ್ಕೆ ಸೀಟು ಕುಸಿದಾಗ, ಪೆಡಲಿನಿಂದ ಚಕ್ರಕ್ಕೆ ಹೋಗುವ ಬ್ರೇಕ್ ರಾಡು ಸೈಲೆನ್ಸರಿನ ಪಟ್ಟಿಯ ಬೋಲ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ತುಳಿದ ಜೋರೆಲ್ಲ ಆ ಬೋಲ್ಟಿನಲ್ಲೇ ಮುಗಿದುಹೋಗುತ್ತಿತ್ತು, ಚಕ್ರ ಆರಾಮಾಗಿ ತಿರುಗುತ್ತಿತ್ತು.

"ಸಿಕ್ಕ ನೋಡ್ರಿ ಕಳ್ಳ," ಎಂದ. "ಬೆರಳುದ್ದ ಹೊರಗ ಬಂದದ. ಈ ಬೋಲ್ಟ್ ಗಾಡೀದಲ್ಲ. ಯಾವ ಮಿಸ್ತ್ರಿ ಹಾಕ್ಯಾನ ಇದನ್ನ?"

ಹಂಪಣ್ಣ ಪೆಡಲಿನಿಂದ ಕಾಲು ತೆಗೆದ. ಮಾಳಿಂಗಪ್ಪನ ಕಡೆ ನೋಡಿದ, ಚೀಲದ ಕಡೆ ನೋಡಿದ, ಹೆಂಡತಿಯ ಕಡೆ ಮಾತ್ರ ನೋಡಲಿಲ್ಲ.

"ನಾನ ಹಾಕೀನಿ. ಮಿಲ್ಲಿಂದು. ಲಗ್ನದ ಹಿಂದಿನ ದಿನ," ಎಂದ. "ಸೈಲೆನ್ಸರ್ ಗಡಗಡ ಅಂತಿತ್ತು. ಹೊಸ ಹೆಂಡತೀನ ಕರಕೊಂಡು ಬರೂ ಮುಂದ ಹಂಗ ಸಪ್ಪಳ ಆಗಬಾರದು ಅಂತ..."

ಅನ್ನಮ್ಮನಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ಪ್ರೀತಿಯೂ ಬಂತು. ಯಾವುದನ್ನು ಮೊದಲು ತೋರಿಸಬೇಕೆಂದು ತಿಳಿಯದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ದಸ್ತಗೀರ್ ಗರಗಸದಿಂದ ಬೋಲ್ಟಿನ ಹೆಚ್ಚಿನ ತುದಿಯನ್ನು ಕೊಯ್ದು ಹಾಕಿದ. ಚೀಲದ ಸಮೇತ ಇನ್ನೊಂದು ಸುತ್ತು ಹೋಗಿ ಬಂದು ಬ್ರೇಕ್ ತುಳಿದ. ಗಾಡಿ ಅನ್ನಮ್ಮನ ಕಾಲಿನಿಂದ ಒಂದು ಮೊಳ ದೂರದಲ್ಲಿ ನಿಂತಿತು. ಅವಳು ಜಾಗ ಬಿಟ್ಟು ಸರಿದಿರಲಿಲ್ಲ. ಮುಂದಿನ ಬ್ರೇಕಿಗೂ ಹೊಸ ವಾಯರು ಹಾಕಿ, "ಇನ್ನ ಇಬ್ಬರೂ ಕೂಡೇ ಹೋಗ್ರಿ ಯವ್ವಾ. ತೊಟ್ಟಿಲಿಗೆ ತಡ ಆದೀತು," ಎಂದ.

ಚೀಲ ಇಳಿಯಿತು. ಅನ್ನಮ್ಮ ಬಗ್ಗಿ, ನೆಲದ ಮೇಲೆ ಬಿದ್ದಿದ್ದ ಬೋಲ್ಟಿನ ತುಂಡನ್ನು ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಗಾಡಿ ಹತ್ತಿದಳು.

"ಅದ್ಯಾಕ? ಒಗಿ ಅತ್ಲಾಗ," ಎಂದ ಹಂಪಣ್ಣ ಗಾಬರಿಯಿಂದ.

"ಅತ್ತೆವ್ರಿಗಿ ತೋರಸ್ಬೇಕು," ಎಂದಳು ಅನ್ನಮ್ಮ, ಅವನ ಹೆಗಲ ಮೇಲೆ ಕೈ ಊರಿ. "ಅಂಜಬ್ಯಾಡ್ರಿ, ಯಾರು ಹಾಕಿದ್ರು ಅಂತ ಹೇಳೂದಿಲ್ಲ. ನನ್ನ ಕಾಲ್ಗುಣ ಇಷ್ಟುದ್ದ ಇತ್ತು, ದಸ್ತಗೀರ್ ಕಾಕಾ ಕೊಯ್ದು ಕೈಯಾಗ ಕೊಟ್ಟಾರ ಅಂತ ಅಷ್ಟ ಹೇಳ್ತೀನಿ."