ಅವ್ವನ ಉಳಿದ ಎರಡು ಸೆಕೆಂಡು

ಸಾಯುತ್ತಿದ್ದ ಅವ್ವನ ಬದುಕಿನ ಕೊನೆಯ ನಾಲ್ಕು ಸೆಕೆಂಡುಗಳನ್ನು ಎಡಿಟಿಂಗ್ ಸಿಸ್ಟಂನಲ್ಲಿ ಸ್ಲೋ ಮೋಷನ್ ಮಾಡಿಸಿ, ಊರವರೆಲ್ಲ ತಮ್ಮ ಸಾಯುವವರನ್ನು ಉಳಿಸಿಕೊಂಡಂತೆ ಬಸಲಿಂಗನೂ ಅವಳನ್ನು ಒಂಬತ್ತು ವರ್ಷ ಜೀವಂತ ಉಳಿಸಿಕೊಂಡಿದ್ದ. ನಾಲ್ಕರಲ್ಲಿ ಎರಡು ಸೆಕೆಂಡು ಕಳೆದು, ಕುರ್ಚಿಯಲ್ಲಿ ಕೂತ ಅವಳ ಕೈ ಮಗನ ಕೆನ್ನೆಯತ್ತ ಅರ್ಧ ದಾರಿ ಬಂದಿತ್ತು. ಇವತ್ತು ಹಳೆಯ ಸಿಸ್ಟಂ ಬಂದ್. ಹೀಗೆ ಉಳಿಸಿಕೊಂಡವರೆಲ್ಲರನ್ನೂ ಹೊಸದಕ್ಕೆ ದಾಟಿಸಬೇಕು.

"ಮೈಬೂಸಣ್ಣಾ, ಎಲ್ಲಾ ಬರ್ತದಲ್ಲ?"

ಎಡಿಟರ್ ತಲೆ ಎತ್ತಲಿಲ್ಲ. "ಬಣ್ಣ ಬರ್ತದ, ದನಿ ಬರ್ತದ. ಸ್ಲೋ ಮೋಷನ್ ಬರಂಗಿಲ್ಲೋ ತಮ್ಮಾ."

"ಅಂದ್ರ ಎರಡು ಸೆಕೆಂಡಿನ್ಯಾಗ ಮುಗೀತಾಳ? ನಿಮ್ಮ ಕಂಪನೀಗೆ ಬೆಂಕಿ ಬೀಳ್ಲಿ! ನಿಲ್ಲಸು!"

"ದಾಟಿಸದಿದ್ರ ಸಂಜೀಗೆ ಆ ಎರಡು ಸೆಕೆಂಡೂ ಇಲ್ಲ."

ಪರದೆಯ ಮೇಲೆ ಅವ್ವ ಎಷ್ಟು ದಾಟಿದಳೆಂದು ತೋರಿಸುತ್ತ ಶೇಕಡಾ ತೊಂಬತ್ತಾರು, ತೊಂಬತ್ತೇಳು ಎಂದು ಅಂಕಿ ಏರುತ್ತಿತ್ತು. ಕೈ ತಾಗಿದರೆ ಎಲ್ಲ ಮುಗಿದೀತೆಂದು ಒಂಬತ್ತು ವರ್ಷ ಹಿಂದೆ ಸರಿಯುತ್ತಲೇ ಬಂದಿದ್ದ ಬಸಲಿಂಗ, ಅವ್ವನೆದುರು ಮಂಡಿಯೂರಿ ಕೆನ್ನೆ ಒಡ್ಡಿದ. ಕಣ್ಣು ಮುಚ್ಚಲು ಮಾತ್ರ ಅವನಿಗೆ ಧೈರ್ಯ ಬರಲಿಲ್ಲ.