ಫೋನುಗಳಿಗೊಂದು ಬಕೆಟ್

ಇಂಪನಾಳ ನಗುವನ್ನು ಯಾರೋ ಕದ್ದು ರೆಕಾರ್ಡ್ ಮಾಡಿ, ಕುದುರೆಯ ವಿಡಿಯೋಗೆ ಅಂಟಿಸಿ ಹರಿಯಬಿಟ್ಟಿದ್ದರು. ಅದು ಇಡೀ ಕಾಲೇಜು ಸುತ್ತಿತು. ಆಮೇಲೆ ಮೂರು ತಿಂಗಳು ಅವಳು ನಗಲೇ ಇಲ್ಲ. ಯಾರಾದರೂ ಜೋಕು ಶುರುಮಾಡಿದರೆ ಮೊದಲು ಅವರ ಕೈ ನೋಡುತ್ತಿದ್ದಳು, ಫೋನ್ ಇದೆಯೇ ಎಂದು.

ಭಾನುವಾರ ಹಾಸ್ಟೆಲ್ ರೂಮಿನ ಮೂವರು ಗೆಳತಿಯರು ಹಠ ಹಿಡಿದರು. ಅವರಲ್ಲೊಬ್ಬಳಾದ ಬಿಂದುಶ್ರೀ ಬಟ್ಟೆ ನೆನೆಸುವ ಬಕೆಟ್ ತಂದಳು.

“ಎಲ್ರೂ ಫೋನ್ ಇದ್ರೊಳಗೆ ಹಾಕ್ರೇ. ಇವತ್ತು ಇವಳು ನಗ್ಲೇಬೇಕು.”

“ಬೇಡ ಕಣೇ,” ಎಂದಳು ಇಂಪನಾ.

“ಸುಮ್ನಿರೇ. ಆ ವಿಡಿಯೋ ಮಾಡ್ದೋರು ಸಿಗ್ಲಿ, ಹಲ್ಲು ಉದುರಿಸ್ತೀನಿ.”

ಮೂವರೂ ತಮ್ಮ ಫೋನುಗಳನ್ನು ಬಕೆಟ್ಟಿಗೆ ಹಾಕಿ ಮೇಲೆ ಟವೆಲ್ ಮುಚ್ಚಿದರು. ಬಿಂದುಶ್ರೀ ಹೊಟ್ಟೆಗೆ ದಿಂಬು ಕಟ್ಟಿಕೊಂಡು ವಾರ್ಡನ್ ಮೇಡಂ ಆದಳು.

“ಸಾಂಬಾರಲ್ಲಿ ತರಕಾರಿ ಇದೆ ಕಣಮ್ಮಾ, ಕಾಣೋಷ್ಟು ಭಕ್ತಿ ನಿಂಗಿಲ್ಲ ಅಷ್ಟೇ!”

ಇಂಪನಾ ತುಟಿ ಕಚ್ಚಿ ಹಿಡಿದಳು. ಭುಜ ಕುಲುಕಿತು. ಕೊನೆಗೆ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು, ಹಾಸ್ಟೆಲ್ಲೇ ಅದುರುವ ಹಾಗೆ ನಕ್ಕಳು.

ನಕ್ಕು ಸುಸ್ತಾಗಿ ಕಣ್ಣೊರೆಸಿಕೊಂಡಳು. ಆದರೂ ಅದೇ ನಗು ರೂಮಿನಲ್ಲಿ ಕೇಳುತ್ತಲೇ ಇತ್ತು. ಅದು ಬರುತ್ತಿದ್ದದ್ದು ಬಕೆಟ್ಟಿನಿಂದ: ಟವೆಲ್ಲಿನಡಿ ಯಾರದೋ ಫೋನು ರಿಂಗಾಗುತ್ತಿತ್ತು. ಎತ್ತಲು ಮೂವರಲ್ಲಿ ಒಬ್ಬಳೂ ಏಳಲಿಲ್ಲ.