ಕೊಡಿ ಅನ್ನಬಾರದು

ಬೆಳಿಗ್ಗೆ ಮೇದಿನಿ ಬಾತ್‌ರೂಮಿನಿಂದ ಹೊರಬಂದಾಗ ಮುಖ ಬಿಳಿಚಿಕೊಂಡಿತ್ತು. ಮತ್ತೆ ರಕ್ತ. ನನ್ನ ಮಗಳ ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯನ್ನು ಇಷ್ಟು ದಿನ ತಡೆದಿದ್ದ ಇಂಜೆಕ್ಷನ್ ಈಗ ಕೆಲಸ ಮಾಡುತ್ತಲೇ ಇಲ್ಲ. ನಾನು ಎಂದಿನಂತೆ ಅಂಗೈ ಚಾಚಿ, "ಕೊಡು ಪುಟ್ಟಿ" ಎಂದೆ. ಅವಳ ಕರುಳಿನ ನೋವು ನನ್ನ ಹೊಟ್ಟೆಗೆ ಇಳಿಯಿತು. ಅವಳು ಶಾಲೆಗೆ ಹೋದಳು.

ನೋವು ಹೀಗೆ ಕೈ ದಾಟಲು ಶುರುವಾದ ಮೇಲೆ, ಹೊರಗೆ ಯಾರೂ ಯಾರ ಮುಂದೆಯೂ ಕೈಚಾಚಿ "ಕೊಡಿ" ಅನ್ನುವುದಿಲ್ಲ. ಬಸ್ಸಿನ ಕಂಡಕ್ಟರ್ ಕೂಡ ತಟ್ಟೆ ತೋರಿಸಿ, "ಇಲ್ಲಿಡಿ" ಎನ್ನುತ್ತಾನೆ.

ಆ ನೋವನ್ನು ಹೊತ್ತುಕೊಂಡೇ ವಿಮೆ ಕಚೇರಿಗೆ ಹೋದೆ. ಹೊಸ ಔಷಧಕ್ಕೆ ಒಪ್ಪಿಗೆ ಕೊಡಬೇಕಾದ ಡಾಕ್ಟರ್ ಶ್ರೀಕಂಠಯ್ಯ ಈ ಸಲವೂ ಆಗಲ್ಲ ಎಂದರು.

"ಬರೀ ಹೊಟ್ಟೆನೋವಿಗೆ ಏನಮ್ಮ ಅಷ್ಟು ಅವಸರ? ಹಳೇ ಇಂಜೆಕ್ಷನ್ನೇ ಇನ್ನಾರು ತಿಂಗಳು ನೋಡೋಣ."

"ಸ್ಕ್ಯಾನ್ ಆದ್ರೂ ನೋಡಿ ಸಾರ್."

"ಅಲ್ಲಿಡಿ."

ಇಡಲಿಲ್ಲ. ಸ್ಕ್ಯಾನನ್ನು ಎದೆಗೆ ಅವಚಿಕೊಂಡೆ. ಅವರಿಗೆ ರೇಗಿತು. ಕೈಚಾಚಿ, "ಅಯ್ಯೋ, ಕೊಡಿ ಇಲ್ಲಿ!" ಎಂದುಬಿಟ್ಟರು.

ಕೊಟ್ಟೆ.

ಶ್ರೀಕಂಠಯ್ಯ ಹೊಟ್ಟೆ ಹಿಡಿದುಕೊಂಡು ಮೇಜಿನ ಮೇಲೆ ಬಗ್ಗಿದರು. ಕನ್ನಡಕ ಕಳಚಿ ಬಿತ್ತು. ಎಷ್ಟೋ ತಿಂಗಳ ಮೇಲೆ ನನ್ನ ಹೊಟ್ಟೆ ತಣ್ಣಗಾಯಿತು.

"ಬರೀ ಹೊಟ್ಟೆನೋವು ಸಾರ್," ಎಂದೆ.

ಅವರು ಬಗ್ಗಿಕೊಂಡೇ ಒಪ್ಪಿಗೆಗೆ ಸಹಿ ಹಾಕಿದರು. ಆಮೇಲೆ ಕೈ ಮುಗಿದು ಅತ್ತರು. "ಸಹಿ ಹಾಕಿದೀನಲ್ಲಮ್ಮ... ಕೊಡಿ ಅಂತ ಒಂದು ಮಾತು ಅನ್ನಮ್ಮ, ವಾಪಸ್ ತಗೊಳ್ಳಮ್ಮ."

ನಾನು ಕಾಗದ ಎತ್ತಿಕೊಂಡೆ.

"ಅಲ್ಲಿಡಿ ಸಾರ್," ಎಂದು ಬಾಗಿಲು ಎಳೆದುಕೊಂಡು ಬಂದೆ.